ಹಾಸಿಗೆ ಪಕ್ಕದ ಎಬಿಜಿ ಯಂತ್ರವನ್ನು ಎಷ್ಟು ನಂಬಬಹುದು?

ಉಸಿರಾಟ ಕೆಟ್ಟು ಐಸಿಯು ಸೇರಿದವರ ಮಣಿಕಟ್ಟಿನ ಅಪಧಮನಿಯಿಂದ ಒಂದಿಷ್ಟು ರಕ್ತ ತೆಗೆದು ಎಬಿಜಿ, ಅಂದರೆ ಅಪಧಮನಿ ರಕ್ತದ ಅನಿಲಗಳ ಪರೀಕ್ಷೆ ಮಾಡುತ್ತಾರೆ. ರಕ್ತದ ಪಿಎಚ್ ಎಷ್ಟು, ಅದರಲ್ಲಿ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡಿನ ಒತ್ತಡ ಎಷ್ಟು ಎಂದು ಅದು ಹೇಳುತ್ತದೆ. ವೆಂಟಿಲೇಟರನ್ನು ಏರಿಸುವುದೋ ಇಳಿಸುವುದೋ ಎಂಬ ತೀರ್ಮಾನಕ್ಕೆ ಈ ಅಂಕಿಗಳೇ ಆಧಾರ. ಹಿಂದೆ ಇದಕ್ಕೆ ಮೇಜು ತುಂಬುವ ಯಂತ್ರ ಬೇಕಿತ್ತು. 1990ರ ದಶಕದಲ್ಲಿ ಐ-ಸ್ಟ್ಯಾಟ್, ಆಮೇಲೆ ಎಪಾಕ್‌ನಂಥ ಕೈಯಲ್ಲಿ ಹಿಡಿಯುವ ಯಂತ್ರಗಳು ಬಂದವು. ಎರಡು ಮೂರು ಹನಿ ರಕ್ತ ಸಾಕು, ಕೆಲವೇ ನಿಮಿಷದಲ್ಲಿ ಫಲಿತಾಂಶ.

ಯಂತ್ರ ಚಿಕ್ಕದಾದರೂ ಒಳಗಿನ ರಸಾಯನಶಾಸ್ತ್ರ ಹಳೆಯದೇ. ಆಮ್ಲಜನಕವನ್ನು ವಿದ್ಯುತ್ತಿನ ಹರಿವಿನಿಂದ ಅಳೆಯುವ ದಾರಿಯನ್ನು ಲೀಲ್ಯಾಂಡ್ ಕ್ಲಾರ್ಕ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಇಂಗಾಲದ ಡೈಆಕ್ಸೈಡಿನ ಎಲೆಕ್ಟ್ರೋಡನ್ನು ಅದೇ ದಶಕದಲ್ಲಿ ಬಳಕೆಗೆ ತಂದವರು ಜಾನ್ ಸೆವೆರಿಂಗ್‌ಹಾಸ್. ಈಗ ಅದೆಲ್ಲ ಒಂದು ಕಾರ್ಟ್ರಿಡ್ಜಿನೊಳಗೆ ಅಡಗಿದೆ. ಐ-ಸ್ಟ್ಯಾಟ್ ಮೊದಲು ತನ್ನೊಳಗಿನ ಚೀಲದ ದ್ರಾವಣವನ್ನು ಸೆನ್ಸಾರುಗಳ ಮೇಲೆ ಹರಿಸಿ ಅವುಗಳ ಅಳತೆ ಸರಿಪಡಿಸಿಕೊಳ್ಳುತ್ತದೆ, ಅನಂತರವೇ ರಕ್ತವನ್ನು ತಳ್ಳುತ್ತದೆ. ಪ್ರತಿ ಪರೀಕ್ಷೆಗೂ ಹೊಸ ಕಾರ್ಟ್ರಿಡ್ಜ್, ಪ್ರತಿ ಸಲವೂ ಹೊಸ ಕ್ಯಾಲಿಬ್ರೇಷನ್. ಆದ್ದರಿಂದ ಪಿಎಚ್ ಮತ್ತು ಇಂಗಾಲದ ಡೈಆಕ್ಸೈಡಿನ ಮಟ್ಟಿಗೆ ಈ ಯಂತ್ರಗಳು ಲ್ಯಾಬಿನ ದೊಡ್ಡಣ್ಣನಿಗೆ ಸಾಕಷ್ಟು ಹತ್ತಿರ ಬರುತ್ತವೆ.

ತಪ್ಪು ಹೆಚ್ಚಾಗಿ ನುಸುಳುವುದು ರಕ್ತ ಯಂತ್ರ ಮುಟ್ಟುವ ಮೊದಲೇ. ಸಿರಿಂಜಿನಲ್ಲಿ ಉಳಿದ ಗಾಳಿಗುಳ್ಳೆಯನ್ನೇ ನೋಡಿ. ಕೋಣೆಯ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 150 ಮಿಮೀ ಪಾದರಸ, ಇಂಗಾಲದ ಡೈಆಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ. ಗುಳ್ಳೆ ರಕ್ತವನ್ನು ಆ ಕಡೆಗೆ ಎಳೆಯುತ್ತದೆ. 55 ಇದ್ದ ರೋಗಿಯ ಆಮ್ಲಜನಕ ಮೇಲೇರಿದಂತೆ ಕಾಣುತ್ತದೆ, ಹೆಚ್ಚು ಆಮ್ಲಜನಕ ಪಡೆಯುತ್ತಾ 300 ಇದ್ದವರದು ಇಳಿದಂತೆ ಕಾಣುತ್ತದೆ. ತೆಗೆದ ಕೂಡಲೇ ಗುಳ್ಳೆ ಹೊರಹಾಕಿ, ಮುಚ್ಚಳ ಹಾಕಿ, ಅಂಗೈಗಳ ನಡುವೆ ಉರುಳಿಸಬೇಕು.

ರಕ್ತ ಹೆಪ್ಪುಗಟ್ಟದಂತೆ ಬಳಸುವ ದ್ರವ ಹೆಪಾರಿನ್ ಸಿರಿಂಜಿನಲ್ಲಿ ಹೆಚ್ಚು ಉಳಿದರೆ ರಕ್ತ ತೆಳುವಾಗಿ ಇಂಗಾಲದ ಡೈಆಕ್ಸೈಡ್, ಬೈಕಾರ್ಬನೇಟ್, ಕ್ಯಾಲ್ಸಿಯಂ ಎಲ್ಲವೂ ಕಡಿಮೆ ತೋರುತ್ತವೆ. ಒಣ ಹೆಪಾರಿನ್ ಸಿರಿಂಜ್ ಸಿಕ್ಕರೆ ಅದೇ ಮೇಲು. ಪ್ಲಾಸ್ಟಿಕ್ ಸಿರಿಂಜಿನ ಸ್ಯಾಂಪಲನ್ನು ಅರ್ಧ ಗಂಟೆಯೊಳಗೆ ಪರೀಕ್ಷಿಸಬೇಕು. ತಡವಾದರೆ ರಕ್ತಕಣಗಳೇ ಆಮ್ಲಜನಕ, ಸಕ್ಕರೆಗಳನ್ನು ಬಳಸಿಬಿಡುತ್ತವೆ, ಲ್ಯಾಕ್ಟೇಟ್ ಏರುತ್ತದೆ. ಹಾಗೆಂದು ಐಸಿನಲ್ಲಿಡುವ ಹಳೆಯ ರೂಢಿಯೂ ಪ್ಲಾಸ್ಟಿಕ್ಕಿಗೆ ಹೊಂದುವುದಿಲ್ಲ. ತಣ್ಣಗಾದ ಪ್ಲಾಸ್ಟಿಕ್ ಸಿರಿಂಜಿನೊಳಕ್ಕೆ ಆಮ್ಲಜನಕ ನುಸುಳುತ್ತದೆ, ಕಣಗಳಿಂದ ಪೊಟ್ಯಾಸಿಯಂ ಹೊರಬರುತ್ತದೆ.

ಪೊಟ್ಯಾಸಿಯಂ ವಿಷಯದಲ್ಲಿ ಇನ್ನೂ ಒಂದು ಮೋಸವಿದೆ. ಸಣ್ಣ ಸೂಜಿಯಿಂದ ಬಲವಾಗಿ ಎಳೆದರೆ ಕೆಂಪು ಕಣಗಳು ಒಡೆಯುತ್ತವೆ. ಕಣದೊಳಗಿನ ಪೊಟ್ಯಾಸಿಯಂ ಪ್ಲಾಸ್ಮಾದಲ್ಲಿರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಲ್ಯಾಬಿನಲ್ಲಿ ರಕ್ತವನ್ನು ತಿರುಗಿಸಿ ಬೇರ್ಪಡಿಸುವುದರಿಂದ ಸೀರಂ ಕೆಂಪಾಗಿರುವುದು ಕಣ್ಣಿಗೆ ಕಾಣುತ್ತದೆ. ಇಡೀ ರಕ್ತವನ್ನು ಅಳೆಯುವ ಕೈಯಂತ್ರಕ್ಕೆ ಅದು ತಿಳಿಯುವುದಿಲ್ಲ. ಇಸಿಜಿ ಸರಿಯಿದ್ದು ಪೊಟ್ಯಾಸಿಯಂ ಮಾತ್ರ 7 ಎಂದು ಬಂದರೆ ಹೊಸ ಸ್ಯಾಂಪಲ್ ತೆಗೆಯಿರಿ. ಹಾಗೆಂದು ಕಿಡ್ನಿ ಸೋತ ರೋಗಿಯಲ್ಲಿ ಅದೇ ಅಂಕಿಯನ್ನು ಹಗುರಾಗಿ ನೋಡುವಂತಿಲ್ಲ.

ಪರದೆಯ ಮೇಲೆ ಕಾಣುವುದೆಲ್ಲ ಅಳೆದದ್ದೂ ಅಲ್ಲ. ಬೈಕಾರ್ಬನೇಟ್ ಎಂಬುದು ಪಿಎಚ್ ಮತ್ತು ಇಂಗಾಲದ ಡೈಆಕ್ಸೈಡಿನಿಂದ ಹಾಕಿದ ಲೆಕ್ಕ. ಕೆಲವರು ಮೂರನ್ನೂ ಸೂತ್ರಕ್ಕೆ ಹಾಕಿ ತಾಳೆಯಾಯಿತೆಂದು ಸಮಾಧಾನ ಪಡುತ್ತಾರೆ. ಯಂತ್ರವೇ ಹಾಕಿದ ಲೆಕ್ಕ ತಾಳೆಯಾಗದೆ ಇನ್ನೇನು! ಬರೆದುಕೊಳ್ಳುವಾಗಿನ ತಪ್ಪು ಸಿಗಬಹುದು, ಅಷ್ಟೇ. ಹಿಮೋಗ್ಲೋಬಿನ್ ಕೂಡ ಹೀಗೆಯೇ. ರಕ್ತ ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದರಿಂದ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಊಹಿಸಿ, ಅದರಿಂದ ಹಿಮೋಗ್ಲೋಬಿನ್ ಕಟ್ಟುತ್ತಾರೆ. ಬಾಟಲಿಗಟ್ಟಲೆ ಸಲೈನ್ ಹೋಗಿ ಪ್ರೋಟೀನ್ ಇಳಿದಿದ್ದರೆ ಈ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಇದೊಂದನ್ನೇ ನೋಡಿ ರಕ್ತ ಏರಿಸುವುದು ಸರಿಯಲ್ಲ.

ನಮ್ಮ ಬಿಸಿಲಿನ ಮಾತು ಬೇರೆಯೇ. ಐ-ಸ್ಟ್ಯಾಟ್ ಕೆಲಸ ಮಾಡುವುದು 16ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ, ಕಾರ್ಟ್ರಿಡ್ಜುಗಳಿಗೆ ಫ್ರಿಜ್ಜಿನ 2ರಿಂದ 8 ಡಿಗ್ರಿ ಬೇಕು. ಬೇಸಿಗೆಯಲ್ಲಿ 40 ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ, ಆಂಬುಲೆನ್ಸಿನಲ್ಲಿ ಇದನ್ನು ನಂಬಿಕೊಳ್ಳುವಂತಿಲ್ಲ. ಯಂತ್ರ ಕೊಳ್ಳುವ ಆಸ್ಪತ್ರೆಗಳು ಬೆಲೆಯ ಜೊತೆಗೆ ಇದನ್ನೂ ಕೇಳಬೇಕು. ರೋಗಿಯ ಏರಿಳಿತ ನೋಡುವಾಗ ಒಂದೇ ಯಂತ್ರಕ್ಕೆ ಅಂಟಿಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಲ್ಯಾಬಿನದು, ಸಂಜೆ ಕೈಯಂತ್ರದ್ದು ಎಂದರೆ ಯಂತ್ರಗಳ ನಡುವಿನ ವ್ಯತ್ಯಾಸವೇ ರೋಗದ ಬದಲಾವಣೆಯಂತೆ ಕಾಣುತ್ತದೆ.

ಎಲ್ಲಕ್ಕಿಂತ ಅಪಾಯದ ಕುರುಡು ಇರುವುದು ಇಂಗಾಲದ ಮೊನಾಕ್ಸೈಡ್ ವಿಷದಲ್ಲಿ. ಈ ಕೈಯಂತ್ರಗಳು ತೋರಿಸುವ ಆಮ್ಲಜನಕ ಸ್ಯಾಚುರೇಷನ್ ಸಹ ಲೆಕ್ಕ ಹಾಕಿದ್ದೇ. ವಿಷ ಹಿಮೋಗ್ಲೋಬಿನ್ನನ್ನು ಹಿಡಿದುಕೊಂಡಿದ್ದರೂ ಪ್ಲಾಸ್ಮಾದಲ್ಲಿ ಕರಗಿದ ಆಮ್ಲಜನಕ ಸರಿಯಾಗಿಯೇ ಇರುವುದರಿಂದ ಪರದೆಯಲ್ಲಿ 98 ಎಂದು ಬರುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಸಹ ಮೋಸ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿಯೋ ಜನರೇಟರ್ ಹೊಗೆ ಕುಡಿದೋ ಮಂಕಾಗಿ ಬಂದವರನ್ನು ಆ 98 ನೋಡಿ ಮನೆಗೆ ಕಳಿಸಬೇಡಿ. ಕೂಡಲೇ ಆಮ್ಲಜನಕ ಹಚ್ಚಿ, ಹಿಮೋಗ್ಲೋಬಿನ್ನಿಗೆ ಅಂಟಿದ ಮೊನಾಕ್ಸೈಡನ್ನು ನೇರವಾಗಿ ಅಳೆಯುವ ಕೋ-ಆಕ್ಸಿಮೀಟರ್ ಇರುವ ಲ್ಯಾಬಿಗೆ ಸ್ಯಾಂಪಲ್ ಕಳಿಸಿ.