ಕಪ್ಪು ಕಾಕಂಬಿ, ಬಿಳಿ ಹರಳು

ಪ್ರಶ್ನೆ: ಕಬ್ಬಿನ ಕಾಕಂಬಿಯಿಂದ ಸಿಟ್ರಿಕ್ ಆಮ್ಲ ಮಾಡುತ್ತಾರಂತೆ. ಅಂಥ ಕಪ್ಪು ದ್ರವದಿಂದ ಆಮ್ಲವನ್ನಷ್ಟೇ ಬೇರ್ಪಡಿಸುವುದು ಹೇಗೆ?
– ಓದುಗರೊಬ್ಬರು, ಪಾಪಿನಾಯಕನಹಳ್ಳಿ

ಉತ್ತರ: ಕಬ್ಬಿನ ಸೀಮೆಯವರು ಕೇಳಲೇಬೇಕಾದ ಪ್ರಶ್ನೆ. ಕಾಕಂಬಿಯ ಸಕ್ಕರೆಯನ್ನು ಆಮ್ಲವಾಗಿಸುವುದು ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು. ಹುದುಗಿದ ದ್ರವದಲ್ಲಿ ಉಳಿದ ಸಕ್ಕರೆ, ಪ್ರೋಟೀನು, ಬಣ್ಣ ಎಲ್ಲವೂ ಬೆರೆತಿರುತ್ತವೆ.

ಹಳೆಯ ವಿಧಾನದಲ್ಲಿ ಸುಣ್ಣ ಹಾಕಿ ಆಮ್ಲವನ್ನು ಗಸಿಯಾಗಿ ಇಳಿಸಿ, ಗಂಧಕಾಮ್ಲದಿಂದ ಬಿಡಿಸುತ್ತಾರೆ. ಒಂದು ಟನ್ ಆಮ್ಲಕ್ಕೆ ಸುಮಾರು 1.3 ಟನ್ ಜಿಪ್ಸಂ ಉಳಿಯುತ್ತದೆ. ಅದನ್ನು ಸುರಿಯುವುದೆಲ್ಲಿ? ಸಂಡೂರಿನ ಗಣಿಮಣ್ಣಿನ ಗುಡ್ಡೆ ಕಂಡವರಿಗೆ ಈ ಚಿಂತೆ ಹೊಸದಲ್ಲ.

ದ್ರಾವಕದಿಂದ ಆಮ್ಲವನ್ನು ಸೆಳೆಯುವ ಇನ್ನೊಂದು ದಾರಿಯಲ್ಲಿ ಆ ಜಿಪ್ಸಂ ರಾಶಿಯೇ ಇಲ್ಲ. ಸೋಸಿದ ದ್ರವದೊಡನೆ, ನೀರಿಗೆ ಬೆರೆಯದ ದ್ರಾವಕದಲ್ಲಿ ಕರಗಿಸಿದ ಟ್ರೈಡೋಡೆಸಿಲ್ ಅಮೀನನ್ನು ಕಲಕುತ್ತಾರೆ. ಅಮೀನು ಪ್ರತ್ಯಾಮ್ಲ, ಆಮ್ಲವನ್ನು ಹಿಡಿದು ಮೇಲಿನ ದ್ರಾವಕದ ಪದರಕ್ಕೆ ಒಯ್ಯುತ್ತದೆ. ಸಕ್ಕರೆ, ಪ್ರೋಟೀನು ಬಹುಪಾಲು ಕೆಳಗೇ ಉಳಿಯುತ್ತವೆ. ಮೇಲಿನ ಪದರವನ್ನು ಬಿಸಿನೀರಿನೊಡನೆ ಕಲಕಿದರೆ ಹಿಡಿತ ಸಡಿಲಗೊಂಡು ಆಮ್ಲ ಮತ್ತೆ ನೀರಿಗಿಳಿಯುತ್ತದೆ. ನೀರನ್ನು ಇಂಗಿಸಿ ತಣಿಸಿದರೆ ಬಿಳಿ ಹರಳು, ದ್ರಾವಕ ಮರುಬಳಕೆಗೆ.

ಆದರೆ ದ್ರವ ಹುಳಿಯಾಗಿಯೇ ಇರಬೇಕು. ಬೂಷ್ಟು ಹುಳಿಯನ್ನು ತಾಳುವುದರಿಂದ ಸಿಟ್ರಿಕ್ ಆಮ್ಲಕ್ಕೆ ಈ ವಿಧಾನ ಒಗ್ಗುತ್ತದೆ. ಆದರೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಹೆಚ್ಚು ಹುಳಿಯಲ್ಲಿ ಸೊರಗುತ್ತವೆ. ಸುಣ್ಣ ಹಾಕಿ ಅವನ್ನು ಕಾಪಾಡಿದರೆ ಆಮ್ಲ ಲವಣವಾಗಿ ನೀರಿನಲ್ಲೇ ನಿಲ್ಲುತ್ತದೆ. ಅಲ್ಲಿ ಈ ವಿಧಾನ ಇನ್ನೂ ಕಷ್ಟದ್ದೇ.