ಬಿಸಿಲಿಗೆ ಬಿಳಿಚುವ ಡಾಂಬರು

ಮುಂಬೈ ಬಳಿಯ ಡೊಂಬಿವಲಿ, ಮೇ ತಿಂಗಳ ನಡು. ಸೂರ್ಯ ನೇರ ನೆತ್ತಿಗೆ ಬಂದಿದ್ದಾನೆ, ವಿದ್ಯುತ್ ಕಂಬಕ್ಕೂ ನೆರಳಿಲ್ಲ. ಎಂಐಡಿಸಿ ಕೈಗಾರಿಕಾ ಪ್ರದೇಶದ ಹಳೆಯ ಒಳರಸ್ತೆ ಬೂದುಬಣ್ಣಕ್ಕೆ ತಿರುಗಿದೆ. ಪೈಪು ಹಾಕಲು ಅಗೆದು ಮುಚ್ಚಿದ ತೇಪೆ ಮಾತ್ರ ಕಾಡಿಗೆಯಷ್ಟು ಕಪ್ಪು.

ಬಗ್ಗಿ ನೋಡಬೇಕು. ಹೊಸ ತೇಪೆಯ ಪ್ರತಿ ಜಲ್ಲಿಗೂ ಡಾಂಬರಿನ ಪೊರೆಯಿದೆ. ಬಿದ್ದ ಬೆಳಕಿನಲ್ಲಿ ಶೇಕಡಾ 5ರಷ್ಟು ಮಾತ್ರ ಮರಳೀತು. ಹಳೆಯ ರಸ್ತೆಯಲ್ಲಿ ಕಲ್ಲುಗಳ ನೆತ್ತಿ ಬೋಳಾಗಿದೆ. ಅಲ್ಲಿ ಶೇಕಡಾ 10ರಿಂದ 15ರಷ್ಟು ಮರಳುತ್ತದೆ. ಕಾವು, ನೇರಳಾತೀತ ಕಿರಣ, ಗಾಳಿಯ ಆಮ್ಲಜನಕ ಸೇರಿ ಡಾಂಬರಿನ ಎಣ್ಣೆಯಂಶವನ್ನು ಕುಗ್ಗಿಸುತ್ತವೆ. ಪೆಡಸಾದ ಪೊರೆಯನ್ನು ಟೈರುಗಳು ಉಜ್ಜಿ ಕೀಳುತ್ತವೆ. ಠಾಣೆಯ ಮಳೆಮರಗಳ ನೆರಳಿನಲ್ಲಿ ಡಾಂಬರು ಕೊಂಚ ಗಾಢವಾಗಿಯೇ ಉಳಿದಿರುವುದನ್ನು ಕಂಡಿದ್ದೇನೆ.

ಆದರೆ ಈ ಸೀಮೆಯ ಜಲ್ಲಿಯೇ ಕಪ್ಪುಗಲ್ಲು. ಪಾರಸಿಕ್ ಬೆಟ್ಟಸಾಲು ಸುಮಾರು 6.6 ಕೋಟಿ ವರ್ಷ ಹಿಂದೆ ಉಕ್ಕಿದ ದಖ್ಖನ್ ಲಾವಾದ್ದು. ಕಪ್ಪುಗಲ್ಲು ಬಯಲಾದರೆ ರಸ್ತೆ ಬಿಳಿಚುವುದೇಕೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಒಂದು ಜಲ್ಲಿಯ ಮೇಲೆ ಬೆರಳಾಡಿಸಿದರೆ ಬೂದು ಹುಡಿ ಅಂಟುತ್ತದೆ. ಸವೆದ ಕಲ್ಲಿನ ಮೈತುಂಬ ಗೀರುಗಳು, ಗೀರುಗಳೊಳಗೆ ಕಲ್ಲಿನದೇ ಹಿಟ್ಟು. ಬೆಳಕು ಒಳಗಿಳಿದು ಇಂಗುವ ಮೊದಲೇ ಈ ಹಿಟ್ಟು ಅದನ್ನು ಎತ್ತೆತ್ತಲೋ ಚದುರಿಸುತ್ತದೆ. ತುರ್ಭೆಯ ಕಲ್ಲುಗಣಿಗಳ ಬಳಿ ಎಲೆಗಳು ಬೂದಾಗಿ ಕಂಡದ್ದೂ ಇದರಿಂದಲೇ.

ಗಾಲಿಯ ಜಾಡನ್ನೂ ಗಮನಿಸಿ. ಡಾಂಬರು ರಸ್ತೆಯಲ್ಲಿ ಜಾಡು ತಿಳಿಬಣ್ಣ. ನಡುವೆ ಎಂಜಿನ್ ಎಣ್ಣೆ ತೊಟ್ಟಿಕ್ಕಿದ ಕರಿಪಟ್ಟಿ. ಕಲ್ಯಾಣ–ಶಿಳ್ ರಸ್ತೆಯ ಕಾಂಕ್ರೀಟಿನಲ್ಲಿ ಜಾಡೇ ಕಪ್ಪು, ಟೈರಿನ ರಬ್ಬರು ಮೆತ್ತಿಕೊಂಡು.

ಜೂನಿನ ಮೊದಲ ಮಳೆಗೆ ಬೂದುಬಣ್ಣವೆಲ್ಲ ಕ್ಷಣದಲ್ಲಿ ಮಾಯ. ಹುಡಿ ತೊಳೆದುಹೋಗುತ್ತದೆ, ನೀರು ಗೀರುಗಳನ್ನು ತುಂಬುತ್ತದೆ. ಕಲ್ಲಿನಿಂದ ಮೇಲೆದ್ದ ಬೆಳಕಿನ ಒಂದು ಪಾಲನ್ನು ನೀರಿನ ಪದರ ಮತ್ತೆ ಕೆಳಕ್ಕೇ ತಿರುಗಿಸುತ್ತದೆ. ಪ್ರತಿ ಸಲವೂ ಕಲ್ಲು ಇನ್ನಷ್ಟು ಹೀರುತ್ತದೆ. ಮೋಡ, ಜಿನುಗುಮಳೆಯ ಚಳಿದೇಶಗಳ ರಸ್ತೆ ಕಪ್ಪಾಗಿ ಕಾಣುವುದರಲ್ಲಿ ಈ ತೇವದ ಪಾಲು ದೊಡ್ಡದು. ಇಲ್ಲಿ ಮಳೆ ಹಿಂದೆ ಸರಿದರೆ ಮುಂದಿನ ಮೇವರೆಗೂ ರಸ್ತೆ ಬಹುಪಾಲು ಒಣಗಿಯೇ ಇರುತ್ತದೆ.

ಬೆಂಗಳೂರಿನ ಕಡೆಯ ಜಲ್ಲಿ ಗ್ರಾನೈಟು, ನೈಸ್ ಶಿಲೆಯದು. ಬಿಳಿ, ಗುಲಾಬಿ ಹರಳುಗಳದು. ಅಲ್ಲಿ ಪೊರೆ ಹೋದಮೇಲೆ ಕಲ್ಲಿನ ಬಣ್ಣವೇ ಎದ್ದು ಬರುತ್ತದೆ, ಮಳೆಯಲ್ಲಿ ನೆನೆದರೂ ಆ ಹರಳುಗಳು ಡೊಂಬಿವಲಿಯ ಜಲ್ಲಿಯಷ್ಟು ಕಪ್ಪಾಗುವುದಿಲ್ಲ.