ನಾಲ್ಕನೇ ಜ್ವರದ ಭಾನುವಾರ

ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಸಾಕುವವರಿಗೆ ಭಾನುವಾರ ಎಂಬುದಿಲ್ಲ. ನಾಲ್ಕನೇ ಜ್ವರದಿಂದ (ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಹಾಗನ್ನುತ್ತಾರೆ) ಎದ್ದ ಮೇಲಂತೂ ಹೊತ್ತುಹೊತ್ತಿಗೆ ಸೊಪ್ಪು ಬೀಳಲೇಬೇಕು. ವಾರವೆಲ್ಲ ಬೆಂಗಳೂರಿನಲ್ಲಿ ಗುತ್ತಿಗೆ ಕೆಲಸ, ರಜೆಗೆ ಹುಳುಮನೆ. ನನಗೆ ಚರ್ಚ್ ತಪ್ಪುತ್ತಲೇ ಬಂತು. ಮೊದಮೊದಲು ಕಸಿವಿಸಿ; ಆಮೇಲೆ ಅದೂ ಇಲ್ಲ. ಹೆದರಬೇಕಾದ್ದು ಅದಕ್ಕೇ ಇತ್ತು.

ನಮ್ಮದು ಹಳೆಯ ಕ್ರೈಸ್ತ ಮನೆ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್‌ನವರು ಕಟ್ಟಿದ, ಈಗ ಸಿಎಸ್‌ಐ ಎನ್ನುವ ಆಸ್ಪತ್ರೆಯಲ್ಲಿ ಅಜ್ಜಿ ಆಯಾ ಆಗಿದ್ದರು. ಆದರೆ ಅಜ್ಜಿಯ ವಿಶ್ವಾಸ ಮೊಮ್ಮಗನಿಗೆ ಜಮೀನಿನ ಹಾಗೆ ಪಾಲಿಗೆ ಬರುವುದಿಲ್ಲವಲ್ಲ!

ಹೋದ ವರ್ಷ ಹುಳು ಹಣ್ಣಾಗಲು ಎರಡೇ ದಿನ ಇರುವಾಗ ಹಾಲುತೊಂಡೆ ರೋಗ ಬಂತು. ಚಂದ್ರಿಕೆಗಳನ್ನು ಆಗಲೇ ತೊಳೆದು ಒಣಗಿಸಿಟ್ಟಿದ್ದೆವು. ಹುಳುಗಳನ್ನು ಗುಂಡಿಗೆ ಹಾಕಿ ಸುಣ್ಣ ಸುರಿದೆವು. ಮಾರುಕಟ್ಟೆಗೆ ಒಂದು ಕೆ.ಜಿ. ಗೂಡೂ ಹೋಗಲಿಲ್ಲ, ಸೊಪ್ಪಿನ ಸಾಲ ಉಳಿಯಿತು. ಅಂದು ರಾತ್ರಿ ಅಮ್ಮ ಎಂದಿನಂತೆ ಬೈಬಲ್ ತೆಗೆದಾಗ ರೇಗಿಬಿಟ್ಟೆ: “ಇನ್ನೂ ಏನಂತ ಕೇಳ್ತೀಯಮ್ಮ?”

“ಕೇಳೋಕಲ್ಲ ಕಣೋ, ಹೇಳ್ಕೊಳ್ಳೋಕೆ” ಎಂದು ಕನ್ನಡಕ ಹುಡುಕಿದಳು. ಓದಿದ್ದು ಒಂದು ಕೀರ್ತನೆ, ಅದೂ ಗೋಳು ತೋಡಿಕೊಳ್ಳುವಂಥದ್ದು. ದೇವರ ಜೊತೆ ಹೀಗೂ ಜಗಳ ಆಡಬಹುದೆಂದು ನನಗೆ ಗೊತ್ತಾದದ್ದು ಅಂದೇ.

ಸಾಲ ಇನ್ನೂ ಇದೆ. ಗುತ್ತಿಗೆ ಮಾರ್ಚ್‌ಗೆ ಮುಗಿಯುತ್ತದೆ. ಈಗ ರಾತ್ರಿಯ ಸೊಪ್ಪು ಹಾಕಿದ ಮೇಲೆ, ಹುಳು ಮೇಯುವ ಜಿಟಿಜಿಟಿ ಮಳೆಯಂಥ ಸದ್ದಿನಲ್ಲಿ ಇಬ್ಬರೂ ಹತ್ತು ನಿಮಿಷ ಕೂರುತ್ತೇವೆ. ನಾನು ಬೆಂಗಳೂರಿನಲ್ಲಿದ್ದರೆ ಫೋನಿನಲ್ಲಿ. ಒಮ್ಮೊಮ್ಮೆ ನಾನು ಓದಿ ಮುಗಿಸುವಷ್ಟರಲ್ಲಿ ಆ ಕಡೆಯಿಂದ ಅಮ್ಮನ ಗೊರಕೆ ಕೇಳುತ್ತಿರುತ್ತದೆ.